ಇನ್ನೂರೆರಡು

ಮೂರನೇ ಸಲ ಅದು ಕೈಕೊಟ್ಟದ್ದು ಕಾರ್ದೆನಾಸಿನ ಹೊರಗೆ,
ಕತ್ತಾಳೆ ಹೊಲ ಮುಗಿದು ಕಬ್ಬು ಶುರುವಾಗುವ ತಿರುವಿನಲ್ಲಿ.
ಬೆಳಗಿನ ನಾಲ್ಕೂವರೆ. ಹಿಂದಿನ ಬುಟ್ಟಿಯಲ್ಲಿ ನೂರಿಪ್ಪತ್ತು ಬನ್ನು.
ಮೊದಲು ಒಂದು ಕೊರೆತ, ಹಲ್ಲಿನಡಿ ಮರಳು ಸಿಕ್ಕ ಹಾಗೆ,
ಆಮೇಲೆ ಕಿರುಚು,
ಆಮೇಲೆ ಏನೂ ಇಲ್ಲ, ಬರೀ ಕಪ್ಪೆ.

ಎಲಿಯೆಸೆರ್ ಬೈಯಲಿಲ್ಲ. ಇಳಿದ, ತಳ್ಳಿದ.
ಊರು ತಣ್ಣಗಿನ ಬನ್ನು ತಿಂದಿತು, ಅವನಿಗೆ ಬೈದಿತು.

ನನ್ನ ಮೇಜಿನ ಮೇಲೆ ಎಂಜಿನ್ನಿನ ಹೊಟ್ಟೆ ಬಿಚ್ಚಿದೆವು.
ನಾನು ಗಡಿಯಾರದವಳು. ಕಣ್ಣಿಗೆ ಮಸೂರ ಸಿಕ್ಕಿಸಿ ನೋಡಿದೆ:
ಕ್ರ್ಯಾಂಕಿನ ಎಡಗಡೆ ಬೇರಿಂಗು, ಪಂಜರ ಚೂರುಚೂರು,
ಎಂಟು ಗುಂಡಿನಲ್ಲಿ ಎರಡು ನಾಪತ್ತೆ,
ಉಳಿದವಕ್ಕೆ ಸಿಡುಬು.
‘ಡಬ್ಬಿಯಲ್ಲಿ ಬಂದದ್ದೇ ಹೀಗೆ. ಬಡವರಿಗೆಂದೇ ಮಾಡಿದ ಉಕ್ಕು.’
‘ಅದಿರಲಿ, ಕೂರಿಸುವಾಗ ಸುತ್ತಿಗೆಯಲ್ಲಿ ಬಡಿದವರು ಯಾರು?’
ಅವನು ಕಾಫಿ ಲೋಟದ ತಳ ನೋಡಿದ.

ಸೋಯ್ಲಾಳ ಅಂಗಳದಲ್ಲೊಂದು ರಷ್ಯದ ಬಟ್ಟೆ ಒಗೆಯುವ ಮಷೀನು,
ಹಗ್ಗದ ಕಾರ್ಖಾನೆಯಲ್ಲಿ ಚೆನ್ನಾಗಿ ದುಡಿದದ್ದಕ್ಕೆ ಬಂದ ಬಹುಮಾನ.
ಹದಿನಾರು ವರ್ಷದಿಂದ ಅದು ಒಗೆಯುವುದಿಲ್ಲ,
ತಲೆಯ ಮೇಲೆ ಕಾಮಕಸ್ತೂರಿ ಗಿಡ ಹೊತ್ತು ನಿಂತಿದೆ.
ಬೆಲೆ ಹೇಳು ಅಂದೆವು.
‘ದುಡ್ಡಿಗೇನು ಸಿಗುತ್ತೆ ಈಗ, ಸರತಿ ಸಾಲು ಸಿಗುತ್ತೆ.
ಗುರುವಾರ ಗುರುವಾರ ನನ್ನನ್ನು ಹಿಂದೆ ಕೂರಿಸಿಕೊಂಡು
ಕಡಲಿಗೆ ಒಯ್ಯಬೇಕು. ಈ ಕೊಲ್ಲಿಯ ಕೆಸರಲ್ಲ,
ಆಚೆ ಬದಿಯ ಬಿಳಿ ಮರಳು.
ದಾರಿಯಲ್ಲಿ ನಿಂತರೆ ಬೇರಿಂಗು ವಾಪಸ್ಸು.’

ಮೋಟಾರಿನಿಂದ ಎರಡು ಹೊರಬಂದವು.
ಹಳೇ ಗ್ರೀಸು ಕರಿಬೆಲ್ಲದ ಪಾಕ. ಪೆಟ್ರೋಲಿನಲ್ಲಿ ತೊಳೆದು
ಒರೆಸಿದಾಗ ಅಂಚಿನಲ್ಲಿ ಅಂಕೆ: 202.
ಪಕ್ಕದಲ್ಲಿ ನನಗೆ ಓದಲು ಬಾರದ ಲಿಪಿಯಲ್ಲಿ
ಈಗ ನಕಾಶೆಯಲ್ಲಿಲ್ಲದ ಒಂದು ದೇಶ.
ಉಂಗುರ ತಿರುಗಿಸಿದೆ. ಸದ್ದಿಲ್ಲ.
ಬೆರಳಿಗೆ ಬೆಣ್ಣೆ.
ದೇಶ ಸವೆದಿತ್ತು, ಗುಂಡು ಸವೆದಿರಲಿಲ್ಲ.

ಕರೆಂಟು ಹೋಗಿತ್ತು, ಎಂದಿನಂತೆ.
ಬೇರಿಂಗುಗಳನ್ನು ಮೀನಿನವನ ಮಂಜಿನಲ್ಲಿ ಹೂತೆವು,
ಎಂಜಿನ್ನಿನ ಕವಚವನ್ನು ಬೇಕರಿಯ ಸೌದೆ ಒಲೆಗೆ ಕೊಟ್ಟೆವು,
ಬನ್ನಿನ ತಟ್ಟೆಯ ಪಕ್ಕದಲ್ಲಿ.
ಎಷ್ಟು ಬಿಸಿ? ಎಂಜಲು ಹನಿ ಬಿದ್ದರೆ ಚುರ್ ಎಂದು ಕುಣಿಯುವಷ್ಟು.
ಸುತ್ತಿಗೆಯನ್ನು ನಾನು ಬಚ್ಚಿಟ್ಟಿದ್ದೆ.
ಒಂದು ಹಿಗ್ಗಿ, ಒಂದು ಕುಗ್ಗಿ,
ಮೀನು ವಾಸನೆಯ ಉಂಗುರವನ್ನು ಕುಳಿಯ ಮೇಲಿಟ್ಟು
ಕೈ ಬಿಟ್ಟ ಎಲಿಯೆಸೆರ್.

ಟಕ್.

ತಾನೇ ಇಳಿದು ಕೂತಿತು,
ನಿದ್ದೆಗಣ್ಣಿನ ಮಗು ಹಾಸಿಗೆಗೆ ಬಿದ್ದ ಹಾಗೆ.
ಅವನು ನನ್ನ ಮುಖ ನೋಡಿ ನಕ್ಕ, ಕಳ್ಳನ ಹಾಗೆ,
ಇಷ್ಟು ದಿನ ಬಡಿದದ್ದೆಲ್ಲ ನೆನಪಾಗಿ.
ತಣಿದ ಮೇಲೂ ಕೂದಲೆಳೆಯ ಸಡಿಲ ಉಳಿದಿತ್ತು.
ಇರಲಿ ಅಂದೆ, ಓಡುವಾಗ ಎಲ್ಲವೂ ಸ್ವಲ್ಪ ಊದಿಕೊಳ್ಳುತ್ತದೆ,
ಅದಕ್ಕೂ ಜಾಗ ಬೇಕು.

ಮೊದಲ ಗುರುವಾರ ಸೋಯ್ಲಾ ಹಳದಿ ಲಂಗ ಉಟ್ಟು ಬಂದಳು,
ಚಪ್ಪಲಿ ಕೈಯಲ್ಲಿ.
ಹನ್ನೊಂದು ಕಿಲೋಮೀಟರು ಜೇನಿನ ಸದ್ದು.
ಹನ್ನೆರಡರಲ್ಲಿ ನಿಂತಿತು.

ಇಬ್ಬರೂ ಇಳಿದರು. ಅವಳು ಬಗ್ಗಿ
ಬಿಸಿ ಕವಚದ ಹತ್ತಿರ ಕಿವಿಯಿಟ್ಟಳು, ಚಕ್ರ ತಿರುಗಿಸೆಂದಳು.
ಆಮೇಲೆ ಟ್ಯಾಂಕಿನ ಮುಚ್ಚಳ ತೆಗೆದು ಮೂಗಿಟ್ಟಳು.
ಒಣ ತಗಡು.
‘ಪೆಟ್ರೋಲಿನ ತಪ್ಪಿಗೆ ನನ್ನ ಬೇರಿಂಗನ್ನು ಬೈಯಲೇ?
ತಳ್ಳು.’
ಅವಳೂ ಒಂದು ಕೈ ಕೊಟ್ಟಳಂತೆ.

ಈಗ ಎಂಟು ತಿಂಗಳು. ಬನ್ನು ಬಿಸಿಯಾಗಿಯೇ ಬರುತ್ತದೆ,
ಬೈಗುಳಕ್ಕೆ ಊರು ಬೇರೆ ಕಾರಣ ಹುಡುಕಿಕೊಂಡಿದೆ.
ಆ ಮಷೀನಿನ ತಲೆಯ ಮೇಲೆ ಕಾಮಕಸ್ತೂರಿ ಹೂ ಬಿಟ್ಟಿದೆ.
ಗುರುವಾರ ಸಂಜೆ ಮಾತ್ರ, ಅದರ ತೆರೆದ ಬಾಗಿಲಿಗೆ
ಒಂದು ಹಳದಿ ಲಂಗ ನೇತಾಡುತ್ತದೆ,
ಮಂಡಿಯವರೆಗೆ ಒದ್ದೆ,
ಉಪ್ಪು ತೊಟ್ಟಿಕ್ಕುತ್ತ.